ಕಾರಂಜಾದಲ್ಲಿ ವಾಟರ್ ಸ್ಕೀ: ಹಳೆಯ ಟು-ಸ್ಟ್ರೋಕ್ ಎಂಜಿನ್ ನೀರಿಗಿಳಿಸಬಹುದೇ?

ಪ್ರಶ್ನೆ: ಸರ್, ನಾವು ಭಾಲ್ಕಿ ಕಡಿಂದ ಆರು ಮಂದಿ ಗೆಳೆಯರು. ಕಾರಂಜಾ ಡ್ಯಾಮಿನ ಹಿನ್ನೀರಿನಾಗ ವಾಟರ್ ಸ್ಕೀ (ಕಾಲಿಗೆ ಹಲಗಿ ಕಟ್ಟಿ, ಬೋಟ್ ಎಳೆಯೋ ಹಗ್ಗ ಹಿಡಿದು ನೀರ ಮ್ಯಾಲ ಜಾರೋದು) ಶುರು ಮಾಡಬೇಕಂತ ಆಸೆ ಅದ. 15 ಅಡಿ ಫೈಬರ್ ಬೋಟ್ ಅದ. ಮಲ್ಪೆ ಕಡಿಂದ ಸೆಕೆಂಡ್ ಹ್ಯಾಂಡ್ 40 ಎಚ್‌ಪಿ ಟು-ಸ್ಟ್ರೋಕ್ ಔಟ್‌ಬೋರ್ಡ್ ಎಂಜಿನ್, ಬೋಟಿನ ಹಿಂದ ಹಚ್ಚೋದು, ಸಿಗಲಾಕತ್ತದ. ಇದು ಮನುಷ್ಯಾನ್ನ ಎಳೀತದೇನು? ಬೀದರಿಗೆ ಕುಡಿಯೋ ನೀರು ಹೋಗೋದು ಇಲ್ಲಿಂದ್ಲೇ, ಅದಕ್ಕ ಏನರ ತೊಂದ್ರಿ ಆಗ್ತದೇನು? ಫೋರ್-ಸ್ಟ್ರೋಕ್ ತಗೋಬೇಕೋ, ಬ್ಯಾಟರಿದು ತಗೋಬೇಕೋ ಹೇಳ್ರಿ.

ಉತ್ತರ: ಆ ಎಂಜಿನ್ ಬೇಡ. ಎಳೆಯುವ ಮಾತು ಆಮೇಲಿರಲಿ, ಮೊದಲು ನೀರಿನ ಮಾತು. ನಿಮ್ಮ ಪ್ರಶ್ನೆಯಲ್ಲಿ ತೂಕದ್ದು ಅದೇ.

ಕಾರ್ಬೊರೇಟರ್ ಇರುವ ಟು-ಸ್ಟ್ರೋಕ್ ಎಂಜಿನ್ನಿನ ಸಿಲಿಂಡರ್ ಗೋಡೆಯಲ್ಲಿ ಎರಡು ಬಗೆಯ ಕಿಂಡಿಗಳಿರುತ್ತವೆ. ಒಂದರಿಂದ ಪೆಟ್ರೋಲ್ ಮತ್ತು ಗಾಳಿಯ ಹೊಸ ಮಿಶ್ರಣ ಒಳಬರುತ್ತದೆ, ಇನ್ನೊಂದರಿಂದ ಸುಟ್ಟ ಹೊಗೆ ಹೊರಹೋಗುತ್ತದೆ. ಪಿಸ್ಟನ್ ಕೆಳಗಿಳಿದಾಗ ಎರಡೂ ಒಟ್ಟಿಗೇ ತೆರೆದಿರುತ್ತವೆ. ಹಳೆ ಹೊಗೆಯನ್ನು ಹೊರದಬ್ಬುವ ಕೆಲಸ ಹೊಸ ಮಿಶ್ರಣದ್ದೇ. ದಬ್ಬುವ ಭರದಲ್ಲಿ ಅದರದೇ ಒಂದು ಪಾಲು ಹೊಗೆಯ ಬೆನ್ನು ಹತ್ತಿ ಹೊರಟುಹೋಗುತ್ತದೆ. ಹೀಗೆ ಪ್ಲಗ್ಗಿನ ಕಿಡಿಯನ್ನೇ ಕಾಣದೆ ಹೋಗುವ ಪೆಟ್ರೋಲ್ ನೂರಕ್ಕೆ 20ರಿಂದ 30 ಪಾಲು. ಹಳೆಯ ಸ್ಕೂಟರಿನಲ್ಲಿ ಇದು ಗಾಳಿಗೆ ಸೇರುತ್ತಿತ್ತು. ಔಟ್‌ಬೋರ್ಡ್‌ನಲ್ಲಿ ಹೊಗೆಯ ದಾರಿ ಪ್ರೊಪೆಲ್ಲರಿನ ನಡುಭಾಗದಿಂದ ನೀರೊಳಗೇ ತೆರೆದುಕೊಳ್ಳುತ್ತದೆ.

ಲೆಕ್ಕ ಹಾಕಿ ನೋಡಿ. 40 ಎಚ್‌ಪಿ ಟು-ಸ್ಟ್ರೋಕ್ ಪೂರ್ತಿ ಥ್ರಾಟಲ್‌ನಲ್ಲಿ ಗಂಟೆಗೆ ಸುಮಾರು 18 ಲೀಟರ್ ಪೆಟ್ರೋಲ್ ಕುಡಿಯುತ್ತದೆ. ಕಾಲು ಪಾಲು ಹಿಡಿದರೆ ನಾಲ್ಕೂವರೆ ಲೀಟರ್ ಸುಡದೆಯೇ ಹೊರಗೆ. ಅದರ ಜೊತೆ, 50ಕ್ಕೆ 1ರಂತೆ ಬೆರೆಸುವ ಆಯಿಲ್ ಲೀಟರಿಗೆ 20 ಮಿಲಿ, ಅಂದರೆ ಗಂಟೆಗೆ 360 ಮಿಲಿ. ಅದರಲ್ಲೂ ಒಂದು ಪಾಲು ನೀರಿಗೇ. ಬಿಎಸ್-6 ಪೆಟ್ರೋಲಿನಲ್ಲಿ ಬೆಂಜೀನ್ ನೂರಕ್ಕೆ 1ರ ತನಕ ಇರಬಹುದು. ನಾಲ್ಕೂವರೆ ಲೀಟರಿನಲ್ಲಿ ಹತ್ತಿರ ಹತ್ತಿರ 40 ಗ್ರಾಂ ಆಯಿತು. ಕುಡಿಯುವ ನೀರಿಗೆ ವಿಶ್ವ ಆರೋಗ್ಯ ಸಂಸ್ಥೆ ಹಾಕಿದ ಬೆಂಜೀನ್ ಮಿತಿ ಲೀಟರಿಗೆ 0.01 ಮಿಲಿಗ್ರಾಂ. 40 ಗ್ರಾಂ ಎಂದರೆ 40 ಲಕ್ಷ ಲೀಟರ್ ನೀರನ್ನು ಆ ಮಿತಿಗೆ ತಂದು ನಿಲ್ಲಿಸುವಷ್ಟು. ಬೆಂಜೀನಿನ ಬಹುಪಾಲು ಬಿಸಿಲಿಗೆ ಗಾಳಿಗೆ ಹಾರಿಹೋಗುತ್ತದೆ, ಅದು ನಿಜ. ಆದರೆ ಆಯಿಲ್ ಹಾರುವುದಿಲ್ಲ. ಮೊದಲು ಬಣ್ಣಬಣ್ಣದ ಪೊರೆಯಾಗಿ ಹರಡಿ, ಆಮೇಲೆ ದಡದ ಕೆಸರಿಗೆ ಅಂಟಿ ಕೂರುತ್ತದೆ.

ಕಾರಂಜಾ 7.69 ಟಿಎಂಸಿ ಜಲಾಶಯ, ಅದರಲ್ಲಿ ನಾಲ್ಕು ಲೀಟರ್ ಯಾವ ಲೆಕ್ಕ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಜಲಾಶಯ ವರ್ಷಪೂರ್ತಿ ತುಂಬಿರುವುದಿಲ್ಲ, ಮಳೆ ಕೈಕೊಟ್ಟ ವರ್ಷ ಬೇಸಿಗೆಗೆ ಎಷ್ಟು ತಳ ಕಾಣುತ್ತದೆ ಎಂಬುದು ನಿಮಗೇ ಗೊತ್ತು. ಪೆಟ್ರೋಲ್ ಇಡೀ ನೀರಿಗೆ ಸಮನಾಗಿ ಬೆರೆಯುವುದೂ ಇಲ್ಲ. ನೀವು ದಿನವೂ ಸುತ್ತುವ ಒಂದೇ ಕೊಲ್ಲಿಯ ಮೇಲ್ಪದರದಲ್ಲಿ ಅದು ನಿಲ್ಲುತ್ತದೆ. ಮೀನಿನ ಮೊಟ್ಟೆ, ಮರಿ, ಅವು ತಿನ್ನುವ ಸೂಕ್ಷ್ಮಜೀವಿಗಳು ಇರುವುದೂ ಅದೇ ಪದರದಲ್ಲಿ, ಅದೇ ದಡದಂಚಿನಲ್ಲಿ. ಅಮೆರಿಕದ ಟಾಹೋ ಸರೋವರ ಕಾರಂಜಾಕ್ಕಿಂತ ಎಷ್ಟೋ ಪಟ್ಟು ದೊಡ್ಡದು, ಆಳವೂ ಹೆಚ್ಚು. ಕಾರ್ಬೊರೇಟರ್ ಟು-ಸ್ಟ್ರೋಕ್‌ಗಳನ್ನು ಅಲ್ಲಿ 1999ರಲ್ಲೇ ನಿಷೇಧಿಸಿದರು.

ಮಲ್ಪೆಯಿಂದ ಬರುವ ಎಂಜಿನ್ ಎಂದಿರಿ. ಕರಾವಳಿಯ ನಾಡದೋಣಿಗಳಲ್ಲಿ ಸೀಮೆಎಣ್ಣೆಯಿಂದ ಓಡುವ ಔಟ್‌ಬೋರ್ಡ್‌ಗಳೇ ಬಹಳ. ಅವುಗಳ ಕಂಪ್ರೆಷನ್ ಕಡಿಮೆ, ಹೊಗೆ ಹೆಚ್ಚು. ಉಪ್ಪುನೀರಿನಲ್ಲಿ ವರ್ಷಗಟ್ಟಲೆ ದುಡಿದ ಎಂಜಿನ್ನಿನ ತಂಪು ನೀರಿನ ಕಾಲುವೆಗಳಲ್ಲಿ ಉಪ್ಪು ಗಟ್ಟಿಕಟ್ಟಿರುತ್ತದೆ. ಮೇಲೆ ಹೊಸ ಪೇಂಟ್ ಹೊಳೆಯುತ್ತಿದ್ದರೂ ನಮ್ಮ ಏಪ್ರಿಲ್ ಬಿಸಿಲಿನಲ್ಲಿ ಅರ್ಧ ಗಂಟೆ ಎಳೆಸಿದರೆ ಕಾದು ಜಾಮ್ ಆಗುವ ಸಂಭವ ಇದೆ. ಅಗ್ಗವಾಗಿ ಸಿಕ್ಕಿದ್ದಕ್ಕೆ ಕಾರಣ ಇದ್ದೇ ಇರುತ್ತದೆ.

ಈಗ ಎಳೆಯುವ ಮಾತು. ಸ್ಕೀ ಎಳೆಯುವ ಎಂಜಿನ್ನಿಗೆ ಕಷ್ಟದ ಹೊತ್ತು ಮೊದಲ ಐದಾರು ಸೆಕೆಂಡು ಮಾತ್ರ. ನೀರಲ್ಲಿ ಮುದುಡಿ ಕೂತ ಮನುಷ್ಯ ಆಗ ಒಂದು ಗೋಣಿಚೀಲದಂತೆ ನೀರನ್ನು ಎದುರು ದಬ್ಬುತ್ತಿರುತ್ತಾನೆ, ಬೋಟೂ ಮೂತಿ ಎತ್ತಿಕೊಂಡು ನೀರಿನ ಮೇಲಕ್ಕೆ ಏರಲು ಹೆಣಗುತ್ತಿರುತ್ತದೆ. ಬೋಟು, ಸ್ಕೀ ಎರಡೂ ನೀರಿನ ಮೇಲೆ ಜಾರತೊಡಗಿದರೆ ಹೊರೆ ಸಟ್ಟನೆ ಇಳಿಯುತ್ತದೆ. 15 ಅಡಿ ಬೋಟಿನಲ್ಲಿ ಚಾಲಕ, ವೀಕ್ಷಕ ಇಬ್ಬರಿದ್ದು 70 ಕಿಲೋ ತೂಗುವವರನ್ನು ಎರಡು ಸ್ಕೀ ಮೇಲೆ ಎಬ್ಬಿಸಬೇಕೆಂದರೆ 40 ಎಚ್‌ಪಿ ಏದುಸಿರು ಬಿಡುತ್ತದೆ. 60 ಎಚ್‌ಪಿ ನೆಮ್ಮದಿಯಾಗಿ ಎಳೆಯುತ್ತದೆ. ಮುಂದೆ ಒಂಟಿ ಸ್ಕೀ ಮೇಲೆ ಏಳಬೇಕೆಂದರೆ 75ರಿಂದ 90 ಬೇಕು. ಕಾರಂಜಾ ಪ್ರದೇಶ ಸಮುದ್ರಮಟ್ಟಕ್ಕಿಂತ ಸುಮಾರು ಆರು ನೂರು ಮೀಟರ್ ಮೇಲಿದೆ. ಎತ್ತರ ಮತ್ತು 40 ಡಿಗ್ರಿ ಬಿಸಿಲು ಸೇರಿ ಎಂಜಿನ್ನಿನ ಬಲದಲ್ಲಿ ಹತ್ತರಲ್ಲೊಂದು ಪಾಲು ತಿಂದುಹಾಕುತ್ತವೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಿರಿ. ಆದರೆ ಕೊಳ್ಳುವ ಮುಂಚೆ ಬೋಟಿನ ಹಿಂಬದಿ ಹಲಗೆ ಎಷ್ಟು ಎಚ್‌ಪಿಗೆ, ಎಷ್ಟು ತೂಕಕ್ಕೆ ಕಟ್ಟಿದ್ದು ಎಂದು ತಯಾರಕರ ಫಲಕ ನೋಡಿ. 60 ಎಚ್‌ಪಿ ಫೋರ್-ಸ್ಟ್ರೋಕ್ 110 ಕಿಲೋ ಆಸುಪಾಸು ತೂಗುತ್ತದೆ. ಫಲಕದ ಅಂಕಿ ಮೀರಿ ಎಂಜಿನ್ ಕಟ್ಟಬೇಡಿ, ಹಲಗೆಯೇ ಕಿತ್ತು ಬರುತ್ತದೆ.

ವೇಗ ಬಹಳ ಬೇಕಿಲ್ಲ. ಮಕ್ಕಳಿಗೆ ಗಂಟೆಗೆ 20ರಿಂದ 25 ಕಿ.ಮೀ., ದೊಡ್ಡವರಿಗೆ ಎರಡು ಸ್ಕೀ ಮೇಲೆ 32ರಿಂದ 40 ಸಾಕು. ವೇಕ್‌ಬೋರ್ಡ್ ಆದರೆ 30ರ ಆಸುಪಾಸು. ಸ್ಪರ್ಧೆಯ ಸ್ಲಾಲಮ್‌ನಲ್ಲೂ ಗಂಡಸರ ಗರಿಷ್ಠ ವೇಗ 58, ಹೆಂಗಸರದು 55. ಅಲ್ಲಿ 259 ಮೀಟರ್ ಉದ್ದದ ದಾರಿಯಲ್ಲಿ ಆರು ಬುರುಡೆಗಳನ್ನು (ನೀರಲ್ಲಿ ತೇಲುವ ಗುರುತುಗಳು) ಸುತ್ತಬೇಕು. 18.25 ಮೀಟರ್ ಹಗ್ಗದಿಂದ ಶುರುಮಾಡಿ ಹಂತಹಂತವಾಗಿ ಹಗ್ಗ ಮೊಟಕುಗೊಳಿಸುತ್ತ ಹೋಗುತ್ತಾರೆ. ಆ ಬೋಟುಗಳೇ ಬೇರೆ. ಎಂಜಿನ್ ಬೋಟಿನ ನಡುಮಧ್ಯದಲ್ಲಿ, ಹಗ್ಗ ಕಟ್ಟುವ ಕಂಬವೂ ನಡುವೆಯೇ. ಸ್ಕೀ ಮಾಡುವವರು ಬದಿಗೆ ಜಗ್ಗಿದಾಗ ಬೋಟಿನ ಹಿಂಭಾಗ ಆ ಕಡೆ ಎಳೆದು ಹೋಗಬಾರದೆಂದು ಹೀಗೆ ಕಟ್ಟುತ್ತಾರೆ. ನಿಮಗೆ ಸದ್ಯಕ್ಕೆ ಅದು ಬೇಕಿಲ್ಲ.

ಬಲದ ಕೊರತೆಗೆ ಮಂದಿ ಬೈಯುವುದು ಎಂಜಿನ್ನನ್ನು, ತಪ್ಪು ಬಹಳ ಸಲ ಪ್ರೊಪೆಲ್ಲರಿನದು. ಪಿಚ್ ಎಂದರೆ ಒಂದು ಸುತ್ತಿಗೆ ಪ್ರೊಪೆಲ್ಲರ್ ಲೆಕ್ಕದಲ್ಲಿ ಎಷ್ಟು ಇಂಚು ಮುಂದೆ ಹೋಗಬೇಕು ಎಂಬ ಅಳತೆ. ಪಿಚ್ ಹೆಚ್ಚಿದ್ದರೆ ಟ್ರ್ಯಾಕ್ಟರನ್ನು ಟಾಪ್ ಗೇರಿನಲ್ಲಿ ಹೊಲಕ್ಕಿಳಿಸಿದ ಹಾಗೆ. ಒಂದು ಇಂಚು ಇಳಿಸಿದರೆ ಪೂರ್ತಿ ಥ್ರಾಟಲ್‌ನಲ್ಲಿ 150ರಿಂದ 200 ಆರ್‌ಪಿಎಂ ಏರುತ್ತದೆ. ಬೋಟಿಗೆ ಇಬ್ಬರನ್ನು ಕೂರಿಸಿ, ನಿಮಿಷಕ್ಕೆ ಎಷ್ಟು ಸುತ್ತು (ಆರ್‌ಪಿಎಂ) ಎಂದು ತೋರಿಸುವ ಟ್ಯಾಕೋಮೀಟರ್ ನೋಡುತ್ತ ಪೂರ್ತಿ ಥ್ರಾಟಲ್ ಕೊಡಿ. ಹೆಚ್ಚಿನ ಫೋರ್-ಸ್ಟ್ರೋಕ್‌ಗಳಿಗೆ 5,000ದಿಂದ 6,000 ನಡುವೆ ನಿಲ್ಲಬೇಕು, ನಿಮ್ಮ ಎಂಜಿನ್ನಿನ ನಿಖರ ಅಂಕಿ ಕೈಪಿಡಿಯಲ್ಲಿರುತ್ತದೆ. 4,600ಕ್ಕೆ ಮುಗ್ಗರಿಸುತ್ತಿದ್ದರೆ ಎರಡು ಇಂಚು ಕಡಿಮೆ ಪಿಚ್ಚಿನದು ಹಾಕಿ. ಮುಗ್ಗರಿಸುವ ಎಂಜಿನ್ ಬರೀ ನಿಧಾನವಲ್ಲ, ಕೊಳಕೂ ಹೌದು: ಪ್ಲಗ್ ಕಪ್ಪಾಗುತ್ತದೆ, ಪೆಟ್ರೋಲ್ ಹಾಳು, ಹೊಗೆ ದಟ್ಟ. ಸರಿಯಾದ ಪ್ರೊಪೆಲ್ಲರ್ ಎಂಬುದು ಅತಿ ಕಡಿಮೆ ಖರ್ಚಿನಲ್ಲಿ ಎಂಜಿನ್ ಶುದ್ಧಗೊಳಿಸುವ ಉಪಾಯ. ಹೊರಡುವಾಗ ಎಂಜಿನ್ನಿನ ಟ್ರಿಮ್ (ಎಂಜಿನ್ ವಾಲಿಸುವ ಕೋನ) ಪೂರ್ತಿ ಒಳಗಿರಲಿ, ಪ್ರೊಪೆಲ್ಲರ್ ಮೇಲಿನ ಅಡ್ಡ ಫಲಕ ಬೋಟಿನ ತಳದ ಮಟ್ಟಕ್ಕಿರಲಿ. ಅದಕ್ಕಿಂತ ಮೇಲೆ ಕಟ್ಟಿದರೆ ತಿರುವಿನಲ್ಲಿ ಪ್ರೊಪೆಲ್ಲರ್ ಗಾಳಿ ನುಂಗಿ, ಎಂಜಿನ್ ಕಿರುಚುತ್ತದೆ, ಬೋಟ್ ಮುಂದೆ ಹೋಗುವುದಿಲ್ಲ.

ಹಾಗಾದರೆ ಯಾವುದು ಕೊಳ್ಳಬೇಕು? ಎಲೆಕ್ಟ್ರಾನಿಕ್ ಫ್ಯುಯೆಲ್ ಇಂಜೆಕ್ಷನ್ ಇರುವ 60 ಎಚ್‌ಪಿ ಫೋರ್-ಸ್ಟ್ರೋಕ್. ಇದರಲ್ಲಿ ಒಳದಾರಿ, ಹೊರದಾರಿಗೆ ಬೇರೆ ಬೇರೆ ವಾಲ್ವ್, ಆಯಿಲ್ ಎಂಜಿನ್ ತಳದ ತನ್ನ ತೊಟ್ಟಿಯಲ್ಲೇ (ಸಂಪ್) ಇರುತ್ತದೆ, ಸುಡುವುದಕ್ಕೆ ಪೆಟ್ರೋಲ್ ಅಷ್ಟೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 1996ರಲ್ಲಿ ನಿಯಮ ತಂದು, 1998ರಿಂದ 2006ರ ತನಕ ಹಂತಹಂತವಾಗಿ ಔಟ್‌ಬೋರ್ಡ್‌ಗಳ ಹೈಡ್ರೋಕಾರ್ಬನ್ ಹೊಗೆಯನ್ನು ಮುಕ್ಕಾಲು ಪಾಲು ಇಳಿಸುವಂತೆ ಮಾಡಿತು. ಕಾರ್ಬೊರೇಟರ್ ಟು-ಸ್ಟ್ರೋಕ್ ಅಲ್ಲಿನ ಮಾರುಕಟ್ಟೆಯಿಂದ ಮರೆಯಾದದ್ದು ಆಗಲೇ. ಕ್ಯಾಲಿಫೋರ್ನಿಯಾ ರಾಜ್ಯ ಎಂಜಿನ್ ಮುಚ್ಚಳದ ಮೇಲೆ ನಕ್ಷತ್ರದ ಸ್ಟಿಕರ್ ಅಂಟಿಸುವ ಪದ್ಧತಿ ತಂದಿತು. ಒಂದು ನಕ್ಷತ್ರ 2001ರ ಹೊಗೆಮಿತಿಯ ಮಟ್ಟ, ಎರಡು 2004ರದು, ಮೂರು 2008ರದು. ಸೆಕೆಂಡ್ ಹ್ಯಾಂಡ್ ನೋಡುವಾಗ ಈ ಸ್ಟಿಕರ್ ಹುಡುಕಿ, ಮೂರು ನಕ್ಷತ್ರ ಇದ್ದರೆ ನಿಶ್ಚಿಂತೆ. ಡೈರೆಕ್ಟ್ ಇಂಜೆಕ್ಷನ್ ಟು-ಸ್ಟ್ರೋಕ್ ಎಂಬುದೊಂದಿದೆ. ಹೊರಕಿಂಡಿ ಮುಚ್ಚಿದ ಮೇಲೆಯೇ ಪೆಟ್ರೋಲ್ ಸಿಂಪಡಿಸುವುದರಿಂದ ಅದೂ ಶುದ್ಧವೇ, ಹಗುರವೂ ಹೌದು. ಆದರೆ ಅದಕ್ಕೆ ಹೆಸರಾದ ಎವಿನ್‌ರೂಡ್ ಎಂಜಿನ್‌ಗಳ ತಯಾರಿಕೆಯನ್ನು ಬಿಆರ್‌ಪಿ ಕಂಪನಿ 2020ರಲ್ಲಿ ನಿಲ್ಲಿಸಿತು. ಬಿಡಿಭಾಗಕ್ಕೆ ಬೀದರಿನಿಂದ ಎಲ್ಲಿ ಅಲೆಯುತ್ತೀರಿ?

ಫೋರ್-ಸ್ಟ್ರೋಕ್ ನೀರಿಗೆ ಒಳ್ಳೆಯದು, ಆದರೆ ಅದರ ಹೊಗೆಯಲ್ಲೂ ಕಾರ್ಬನ್ ಮೊನಾಕ್ಸೈಡ್ ಇದ್ದೇ ಇರುತ್ತದೆ. ಅದಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಬೋಟಿನ ಹಿಂಬದಿಗೆ ಜೋತುಬಿದ್ದು ಹರಟೆ ಹೊಡೆಯುವ ಹುಡುಗರಿಗೆ ತಲೆ ಸುತ್ತಿ ಬಂದರೆ ನೀರಲ್ಲೇ ಮುಳುಗುತ್ತಾರೆ. ಯಾರಾದರೂ ಹಿಂದೆ ಇದ್ದಾರೆಂದರೆ ಎಂಜಿನ್ ಆಫ್. ದೊಡ್ಡ ಇನ್‌ಬೋರ್ಡ್ (ಎಂಜಿನ್ ಒಳಗೇ ಇರುವ) ಬೋಟುಗಳಲ್ಲಿ ಇದನ್ನು ತಗ್ಗಿಸಲು ಕಾರಿನಂತೆ ಹೊಗೆ ಶುದ್ಧಮಾಡುವ ಕ್ಯಾಟಲಿಸ್ಟ್ ಹಾಕುತ್ತಾರೆ. ಬೋಟಿನ ಹೊಗೆಯನ್ನು ತಂಪು ಮಾಡಲು ಅದಕ್ಕೆ ನೀರು ಬೆರೆಸುವುದರಿಂದ, ಆ ನೀರು ಹಿಂದಕ್ಕೆ ಚಿಮ್ಮಿ ಕ್ಯಾಟಲಿಸ್ಟ್ ಕೆಡಿಸುವುದೇ ಬಹಳ ಕಾಲ ದೊಡ್ಡ ತೊಡಕಾಗಿತ್ತು. ಈಗ ನೀರು ಬೆರೆಯುವ ಜಾಗಕ್ಕಿಂತ ಮುಂಚೆಯೇ, ನೀರಿನ ಕವಚದೊಳಗೆ ಕೂರಿಸುತ್ತಾರೆ.

ಇನ್ನು ಪೆಟ್ರೋಲ್. ನಮ್ಮ ಬಂಕುಗಳಲ್ಲಿ ಈಗ ಸಿಗುವುದು ನೂರಕ್ಕೆ 20 ಪಾಲು ಎಥೆನಾಲ್ ಬೆರೆತದ್ದು. ಹೆಚ್ಚಿನ ಔಟ್‌ಬೋರ್ಡ್ ಕೈಪಿಡಿಗಳು 10 ಪಾಲಿಗಿಂತ ಹೆಚ್ಚು ಬೇಡ ಎನ್ನುತ್ತವೆ. ಹಳೆಯ ಕಾರ್ಬೊರೇಟರ್ ಎಂಜಿನ್ನಿಗೆ ಇದು ಎರಡು ಕಡೆಯಿಂದ ಪೆಟ್ಟು: ರಬ್ಬರ್ ಪೈಪು, ಗ್ಯಾಸ್ಕೆಟ್ ಮೆತ್ತಗಾಗುತ್ತವೆ, ಮಿಶ್ರಣದಲ್ಲಿ ಗಾಳಿ ಹೆಚ್ಚಾಗಿ ಪಿಸ್ಟನ್ ಕಾಯುತ್ತದೆ. ಎಥೆನಾಲ್ ಗಾಳಿಯ ತೇವ ಹೀರುತ್ತದೆ. ಬೋಟಿನ ಟ್ಯಾಂಕಿನ ಗಾಳಿಕಿಂಡಿ ನೀರಿನ ಪಕ್ಕದಲ್ಲೇ ಸದಾ ತೆರೆದಿರುತ್ತದೆ. ಮಿತಿ ಮೀರಿದ ದಿನ ಎಥೆನಾಲ್ ಮತ್ತು ನೀರು ಜೊತೆಗೂಡಿ ಪೆಟ್ರೋಲ್ ಬಿಟ್ಟು ತಳಕ್ಕಿಳಿಯುತ್ತವೆ, ಎಂಜಿನ್ ಮೊದಲು ಹೀರುವುದೇ ತಳದ್ದನ್ನು. ಆದ್ದರಿಂದ ಹೊಸ ಎಂಜಿನ್ ಕೊಳ್ಳುವಾಗ 20 ಪಾಲಿಗೆ ಒಪ್ಪಿಗೆ ಇದೆಯೇ ಎಂದು ಬರಹದಲ್ಲಿ ಕೇಳಿ. 10 ಮೈಕ್ರಾನಿನ ನೀರು ಬೇರ್ಪಡಿಸುವ ಫಿಲ್ಟರ್ ಹಾಕಿಸಿ. ಪೆಟ್ರೋಲ್ ವಾರಕ್ಕೆ ಬೇಕಾದಷ್ಟೇ ತನ್ನಿ, ಎರಡು ಮೂರು ವಾರಕ್ಕಿಂತ ಟ್ಯಾಂಕಿನಲ್ಲಿ ಇಡಬೇಡಿ. ಬಿಡಿ ಟ್ಯಾಂಕನ್ನು ದಡಕ್ಕೆ ಎತ್ತಿ ತಂದು, ಕೆಳಗೆ ತಟ್ಟೆ ಇಟ್ಟು ತುಂಬಿಸಿ. ಬೋಟಿನಲ್ಲೇ ಕೂತು ಕ್ಯಾನಿನಿಂದ ಸುರಿಯುವಾಗ ಚೆಲ್ಲುವ ಒಂದೊಂದು ಲೋಟ ಸೇರಿಸಿದರೆ, ಒಳ್ಳೆಯ ಎಂಜಿನ್ ಕೊಂಡ ಪುಣ್ಯವೆಲ್ಲ ಅಲ್ಲೇ ಕಳೆಯುತ್ತದೆ.

ಬ್ಯಾಟರಿ ಬೋಟಿನ ಆಸೆ ಒಳ್ಳೆಯದೇ. ಸ್ಕೀ ಎಳೆಯಲು 25ರಿಂದ 30 ಕಿಲೋವ್ಯಾಟ್ ಬೇಕು, ಒಂದು ಗಂಟೆ ಸತತವಾಗಿ ಎಳೆದರೆ 25ರಿಂದ 30 ಯೂನಿಟ್. ಅಷ್ಟು ಹಿಡಿಯುವ ಲಿಥಿಯಂ ಬ್ಯಾಟರಿ ಸುಮಾರು 200 ಕಿಲೋ ತೂಗುತ್ತದೆ. ಹತ್ತು ಹತ್ತು ನಿಮಿಷದ ಸರದಿಯಂತೆ ಎಳೆದರೆ ಆರು ಮಂದಿಗೆ ಒಂದೊಂದು ಸರದಿ ಬರುತ್ತದೆ, ಆಮೇಲೆ ಚಾರ್ಜಿಗೆ ಕಾಯಬೇಕು. ನಿಮ್ಮ 15 ಅಡಿ ಬೋಟು ಆ ತೂಕ ಹೊತ್ತು ಮೇಲೇಳುವುದು ಕಷ್ಟ. ನಿಜಕ್ಕೂ ವಿದ್ಯುತ್ತೇ ಬೇಕೆಂದರೆ ಬೋಟನ್ನೇ ಬಿಡಬಹುದು. ಜರ್ಮನಿಯ ಎಂಜಿನಿಯರ್ ಬ್ರೂನೋ ರಿಕ್ಸೆನ್ ರೂಪಿಸಿದ ಕೇಬಲ್ ಸ್ಕೀಯ ಸಣ್ಣ ರೂಪದಲ್ಲಿ ಎರಡು ಕಂಬ, ನಡುವೆ ಓಡುವ ಕೇಬಲ್, ದಡದ ಮೇಲೆ ಕರೆಂಟಿನ ಮೋಟಾರು, ಅಷ್ಟೆ. ನೀರಿಗೆ ಹನಿ ಪೆಟ್ರೋಲ್ ಇಲ್ಲ, ಕಲಿಯುವವರಿಗೆ ಸುಲಭ. ಆದರೆ ಡ್ಯಾಮಿನ ನೀರಿನ ಮಟ್ಟ ತಿಂಗಳು ತಿಂಗಳಿಗೆ ಇಳಿದು ದಡವೇ ಹಿಂದೆ ಸರಿಯುವುದರಿಂದ ಕಂಬ ಎಲ್ಲಿ ನೆಡುವುದು ಎಂಬುದೇ ಪ್ರಶ್ನೆ. ಇಂಥದ್ದಕ್ಕೆ ಮಟ್ಟ ಹೆಚ್ಚು ಏರಿಳಿಯದ ಕೆರೆ ಮೇಲು.

ಹಗ್ಗದ ವಿಷಯದಲ್ಲಿ ಉಳಿತಾಯ ಬೇಡ. ಬಜಾರಿನ ನೈಲಾನ್ ಹಗ್ಗ ಹಿಗ್ಗುತ್ತದೆ. ಕೈಬಿಟ್ಟರೆ ಹಿಡಿಕೆ ರಬ್ಬರಿನಂತೆ ಬೋಟಿನ ಮಂದಿಯ ಮುಖಕ್ಕೆ ಹಾರಿಬರುತ್ತದೆ, ನೀರಲ್ಲಿ ಮುಳುಗಿ ಪ್ರೊಪೆಲ್ಲರಿಗೂ ಸುತ್ತಿಕೊಳ್ಳುತ್ತದೆ. ತೇಲುವ ಪಾಲಿಪ್ರೊಪಿಲೀನ್ ಸ್ಕೀ ಹಗ್ಗವನ್ನೇ ಕೊಳ್ಳಿ, ಹಿಡಿಕೆ ಸೇರಿ 23 ಮೀಟರ್. ಅದನ್ನು ಎಂಜಿನ್ನಿಗಾಗಲಿ, ಒಂದೇ ಬದಿಯ ಗೂಟಕ್ಕಾಗಲಿ ಕಟ್ಟಬೇಡಿ. ಹಿಂಬದಿ ಹಲಗೆಯ ಎರಡೂ ಬದಿಯ ಉಂಗುರಗಳಿಗೆ ಕವಲು ಹಗ್ಗ ಕಟ್ಟಿ, ನಡುವೆ ಗಾಲಿ ಓಡುವಂತೆ ಜೋಡಿಸಿ, ಅದಕ್ಕೆ ಸ್ಕೀ ಹಗ್ಗ. ಚಾಲಕ ಮುಂದೆ ನೋಡಬೇಕು, ವೀಕ್ಷಕ ಹಿಂದೆ ನೋಡಬೇಕು, ಇಬ್ಬರೂ ಇಲ್ಲದೆ ಹೊರಡಬಾರದು. ಹೆಬ್ಬೆರಳು ಮೇಲೆ ಎಂದರೆ ಜೋರು, ಕೆಳಗೆ ಎಂದರೆ ನಿಧಾನ, ಗಂಟಲ ಮೇಲೆ ಕೈ ಅಡ್ಡ ಎಳೆದರೆ ನಿಲ್ಲಿಸು. ಬಿದ್ದವರು ಎರಡೂ ಕೈ ತಲೆಯ ಮೇಲೆ ಜೋಡಿಸಿದರೆ ಪೆಟ್ಟಾಗಿಲ್ಲ ಎಂದರ್ಥ. ಚಾಲಕನ ಕೈಗೆ ಕಿಲ್ ಸ್ವಿಚ್ಚಿನ (ದಾರ ಕಿತ್ತರೆ ಎಂಜಿನ್ ಆರಿಸುವ ಸ್ವಿಚ್) ದಾರ ಕಟ್ಟಿರಲಿ. ಬಿದ್ದವರನ್ನು ಚಾಲಕನ ಬದಿಗೆ, ಅವನ ಕಣ್ಣಳತೆಯಲ್ಲೇ ಇರುವಂತೆ ಬಳಸಿ ಬಂದು ಎಂಜಿನ್ ಆರಿಸಿಯೇ ಹತ್ತಿಸಿಕೊಳ್ಳಿ. ಜಾಕೆಟ್ ಕನಿಷ್ಠ 50 ನ್ಯೂಟನ್ ತೇಲುವಿಕೆಯ, ಮೂರು ನಾಲ್ಕು ಬಕಲ್ ಇರುವ ಫೋಮಿನದು. ಗಾಳಿ ತುಂಬುವ ಜಾತಿ ಸ್ಕೀಗೆ ಆಗದು.

ಕಾರಂಜಾದ ಒಳಗಿರುವುದು ಬರೀ ನೀರಲ್ಲ. ಮುಳುಗಿದ ಹೊಲದ ಬದು, ಹಳೆ ಬಾವಿಯ ಕಟ್ಟೆ, ಜಾಲಿಯ ಬೊಡ್ಡೆ ಇರಬಹುದು. ಬೇಸಿಗೆಯಲ್ಲಿ ನೀರು ತಗ್ಗಿದಾಗ ನೀವು ಆಡಬೇಕೆಂದಿರುವ ಪಟ್ಟಿಯನ್ನು ನಡೆದು ನೋಡಿ, ಫೋನಿನಲ್ಲಿ ಗುರುತು ಹಾಕಿಕೊಳ್ಳಿ. ನೀರು ತುಂಬಿದ ಮೇಲೆ ಬುರುಡೆ ಕಟ್ಟಿ. ಅಕ್ಟೋಬರಿನಿಂದ ಫೆಬ್ರವರಿಯ ತನಕ ಬೆಳಗಿನ ಹೊತ್ತು ನೀರು ಕನ್ನಡಿಯಂತಿರುತ್ತದೆ, ಅದೇ ಒಳ್ಳೆಯ ಕಾಲ. ಹಿನ್ನೀರಿನ ತುದಿಯ ತೆಳುನೀರಿಗೆ ಹೋಗಲೇಬೇಡಿ, ಚಳಿಗಾಲದ ಹಕ್ಕಿಗಳು ಮೇಯುವುದು ಅಲ್ಲಿ. ಬೋಟಿನ ಅಲೆಗೆ ಎರೆಮಣ್ಣಿನ ದಡ ಬೆಲ್ಲದಂತೆ ಕರಗುತ್ತದೆ, ದಡದಿಂದ ಐವತ್ತು ಮೀಟರಾದರೂ ದೂರ ಇರಿ.

ಆ ಮಣ್ಣು ಎಂಜಿನ್ನಿಗೂ ಶತ್ರು. ತಂಪು ನೀರಿನ ಪಂಪಿನ ರಬ್ಬರ್ ಇಂಪೆಲ್ಲರನ್ನು ಸವೆಸುತ್ತದೆ. ವರ್ಷಕ್ಕೊಮ್ಮೆ ಬದಲಿಸಿ, ಪ್ರತಿ ದಿನದ ಕೊನೆಗೆ ಶುದ್ಧ ನೀರಿನ ಪೈಪ್ ಹಚ್ಚಿ ಹತ್ತು ನಿಮಿಷ ತೊಳೆಯಿರಿ. ಎಂಜಿನ್ ಹಿಂಬದಿಯ ಸಣ್ಣ ಕಿಂಡಿಯಿಂದ ನೀರಿನ ಎಳೆ ಚಿಮ್ಮುತ್ತಿರಬೇಕು, ಆ ಎಳೆ ನಿಂತ ಕ್ಷಣ ಎಂಜಿನ್ ಆರಿಸಿ. ಇನ್ನೊಂದು, ಮೀನಿನ ಬಲೆ. ಬಲೆಯ ಎಳೆ ಪ್ರೊಪೆಲ್ಲರ್ ಹಿಂದಿನ ಶಾಫ್ಟಿಗೆ ಸುತ್ತಿಕೊಂಡರೆ ಕಾಣುವುದಿಲ್ಲ, ಸೀಲ್ ಕೊಯ್ದುಬಿಡುತ್ತದೆ. ತಿಂಗಳಿಗೊಮ್ಮೆ ಪ್ರೊಪೆಲ್ಲರ್ ಬಿಚ್ಚಿ, ಶಾಫ್ಟಿನ ಬುಡ ನೋಡಿ. ಗೇರ್ ಕೇಸಿನ ಕೆಳಗಿನ ಸ್ಕ್ರೂ ಒಂದು ಸುತ್ತು ಸಡಿಲಿಸಿ ಬೆರಳಿಗೆ ಒಂದು ಹನಿ ತೆಗೆದುಕೊಳ್ಳಿ. ಎಣ್ಣೆಯ ಬಣ್ಣ ಇದ್ದರೆ ಸರಿ. ಹಾಲು ಹಾಕಿದ ಚಹಾದಂತಿದ್ದರೆ ಸೀಲ್ ಹೋಗಿದೆ, ನೀರು ಒಳಗೆ ಬರುತ್ತಿದೆ, ಗೇರ್ ಆಯಿಲ್ ಕಾರಂಜಾಕ್ಕೆ ಹೋಗುತ್ತಿದೆ. ಆ ದಿನ ಬೋಟ್ ಇಳಿಸಬೇಡಿ.

ಜಲಾಶಯದ ಒಪ್ಪಿಗೆ ನೀರಾವರಿ ಅಧಿಕಾರಿಗಳಿಂದ, ಜಿಲ್ಲಾಡಳಿತದಿಂದ ಬರಬೇಕು. ಕುಡಿಯುವ ನೀರು ಎತ್ತುವ ಜಾಗದಿಂದ ಎಷ್ಟು ದೂರ ಇರಬೇಕೆಂದು ಅರ್ಜಿಯಲ್ಲೇ ಕೇಳಿ, ಮೀನುಗಾರರ ಸಂಘದ ಜೊತೆ ಕೂತು ಬಲೆಯ ಹೊತ್ತು ನಿಮ್ಮ ಹೊತ್ತು ಹಂಚಿಕೊಳ್ಳಿ. ಎಂಜಿನ್ ಬೋಟಿಗೆ 2021ರ ಒಳನಾಡು ಹಡಗು ಕಾಯ್ದೆಯ ನೋಂದಣಿಯನ್ನೂ ವಿಚಾರಿಸಿ. ಆರು ಮಂದಿಯಲ್ಲಿ ಇಬ್ಬರಾದರೂ ಗೋವಾದ ರಾಷ್ಟ್ರೀಯ ಜಲಕ್ರೀಡಾ ಸಂಸ್ಥೆಯಲ್ಲಿ ಬೋಟ್ ಚಾಲನೆ ಮತ್ತು ಜೀವರಕ್ಷಣೆಯ ತರಬೇತಿ ಮಾಡಿ ಬನ್ನಿ. ಒಪ್ಪಿಗೆ ಬರಹದಲ್ಲಿ ಕೈಗೆ ಬರುವ ತನಕ ಯಾವ ಎಂಜಿನ್ನಿಗೂ ಮುಂಗಡ ಕೊಡಬೇಡಿ.